ಪಟ್ಟಾಳಕ್ಕೆ ಹಾಕಿದ ಕಾಳು

ಯುದ್ಧಕ್ಕೆ ಹೋಗಬೇಕೋ ಬೇಡವೋ ಎಂದು ಜನರನ್ನೇ ಕೇಳಿಬಿಟ್ಟರೆ ಲೋಕದಲ್ಲಿ ಯುದ್ಧವೇ ಇರುವುದಿಲ್ಲವಂತೆ. ಮೊನ್ನೆ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಓಟಿನ ಭಾಷಣಕ್ಕೆ ಬಂದಿದ್ದ ಕನ್ನಡಕದವರೊಬ್ಬರು ಹೀಗೆ ಹೇಳಿದರು. ರಾಜರೂ ಮಂತ್ರಿಗಳೂ ತಮ್ಮ ಪಾಡಿಗೆ ಕೂತು ತೀರ್ಮಾನ ಮಾಡುವುದರಿಂದಲೇ ಬಡವರ ಮಕ್ಕಳು ಸಾಯುತ್ತಾರೆ, ಒಬ್ಬೊಬ್ಬರಿಗೂ ಒಂದೊಂದು ಓಟು ಕೊಟ್ಟು ಕೇಳಿ ನೋಡಿ, ಯಾವ ತಾಯಿ ತಾನೇ ಹೂಂ ಅಂದಾಳು ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಉಪ್ಪಿನ ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದವಳಿಗೆ ಮೈಯೆಲ್ಲ ಉರಿದುಹೋಯಿತು. ನಮ್ಮನ್ನು ಒಂದು ಸಲ ಕೇಳಿದ್ದರು. ಆಗ ನಾವು ಏನು ಹೇಳಿದೆವು ಎಂಬುದು ಆ ಮಹಾನುಭಾವರಿಗೆ ಗೊತ್ತಿಲ್ಲ. ಅದನ್ನು ಬರೆದಿಡಬೇಕು ಅನ್ನಿಸಿ ಕೂತಿದ್ದೇನೆ.

ನಾನು ಹುಟ್ಟಿದ್ದು ಮಿರ್ಲೆಯಲ್ಲಿ. ಅಪ್ಪ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದ ಮೇಷ್ಟ್ರು, ಹಾಗಾಗಿ ನನಗೂ ನಾಲ್ಕು ಅಕ್ಷರ ಬಂತು. ಮದುವೆಯಾಗಿ ಬಂದದ್ದು ಹೆಗ್ಗಡದೇವನಕೋಟೆ ಕಡೆಯ ಹಳ್ಳಿಗೆ. ಕಾಡು ಹತ್ತಿರ, ಆಸ್ಪತ್ರೆ ದೂರ, ಚಳಿಜ್ವರವಂತೂ ಮನೆಯವರಲ್ಲೇ ಒಬ್ಬರಂತೆ ವರ್ಷ ವರ್ಷ ಬಂದು ಹೋಗುತ್ತಿತ್ತು. ಆ ಜ್ವರದಲ್ಲೇ ನನ್ನ ಗಂಡ ಹೋದರು. ಆಗ ನನಗೆ ಇಪ್ಪತ್ತೆರಡು ವರ್ಷ. ಮಕ್ಕಳಿರಲಿಲ್ಲ. ಕೆರೆಯ ಕೆಳಗೆ ಒಂದೂವರೆ ಎಕರೆ ಗದ್ದೆ, ಎರಡು ಅಂಕಣದ ಮನೆ, ಒಂದು ಒಲೆ ನನ್ನ ಪಾಲಿಗೆ ಉಳಿದವು. ಭಾವನವರು, ಎಂದರೆ ಗಂಡನ ಅಣ್ಣ, ಪಕ್ಕದ ಬೀದಿಯಲ್ಲೇ ಇದ್ದರು. ಒಂಟಿ ಹೆಂಗಸಿಗೆ ಬೇರೆ ಒಲೆ ಯಾಕೆ, ನಮ್ಮಲ್ಲೇ ಬಂದು ಮುದ್ದೆ ತಿರುವಿಕೊಂಡು ಇರಬಾರದೇ ಎಂದು ಆಗಾಗ ಹೇಳಿಸುತ್ತಿದ್ದರು. ಮುದ್ದೆ ತಿರುವುವುದು ಎಂದರೆ ಏನೆಂದು ನನಗೆ ಗೊತ್ತಿತ್ತು. ಗದ್ದೆ ಅವರಿಗೆ, ತಿರುವುವ ಕೋಲು ನನಗೆ.

ಗೋಡೆಯಾಚೆ ಇದ್ದದ್ದು ಬೂಬಮ್ಮನ ಮನೆ. ಊರಿನ ಒಂದೇ ಸಾಬರ ಮನೆ ಅದು. ಅವರ ಯಜಮಾನರು ಎತ್ತುಗಳಿಗೆ ಲಾಳ ಕಟ್ಟುವ ಕಸುಬು ಹಿಡಿದು ಕೋಟೆ ಪೇಟೆಯಿಂದ ಬಂದು ನೆಲೆಸಿದವರು. ಅವರು ತೀರಿಕೊಂಡ ಮೇಲೆ ಒಬ್ಬನೇ ಮಗ ಕಸುಬು ಮುಂದುವರಿಸಿದ. ನನಗಿಂತ ಒಂದೆರಡು ವರ್ಷ ಚಿಕ್ಕವನು, ಅಕ್ಕ ಎಂದು ಕರೆಯುತ್ತಿದ್ದ. ಎಂಥ ತುಂಟ ಎತ್ತನ್ನೂ ಹಗ್ಗ ಹಾಕಿ ನೆಲಕ್ಕೆ ಕೆಡವುತ್ತಿದ್ದ. ಕೆಡವಿದ ಮೇಲೆ ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಏನು ಹೇಳ್ತೀಯೋ ಎಂದರೆ, "ಚಪ್ಪಲಿ ಹಾಕ್ತೀನಿ, ಅಳ್ಬೇಡ ಕಣೋ ಅಂತೀನಿ ಅಕ್ಕ" ಎಂದು ನಗುತ್ತಿದ್ದ. ನನ್ನ ಗಂಡನಿಗೆ ಜ್ವರ ಏರಿದ ಕೊನೆಯ ಒಂಬತ್ತು ದಿನ ಸ್ವಂತದವರು ಬಾಗಿಲಲ್ಲೇ ನಿಂತು ಮಾತಾಡಿಸಿ ಹೋದರು. ಬೂಬಮ್ಮ ಒಳಗೆ ಬಂದು ಕೂತು ಒದ್ದೆ ಬಟ್ಟೆ ಹಾಕಿದರು.

ನಾವು ಅವರ ಮನೆಯಲ್ಲಿ ಉಣ್ಣುತ್ತಿರಲಿಲ್ಲ, ಅವರೂ ಕರೆಯುತ್ತಿರಲಿಲ್ಲ. ಆಗಿನ ಕಾಲ ಹಾಗೆ. ಆದರೆ ಬೆಂಕಿಗೆ ಮೈಲಿಗೆಯಿಲ್ಲವಲ್ಲ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಬೆಂಕಿಪೊಟ್ಟಣ ಸಿಗುವುದೇ ಕಷ್ಟವಾಗಿತ್ತು. ಬೂಬಮ್ಮ ನಸುಕಿಗೇ ಎದ್ದು ನಮಾಜು ಮುಗಿಸಿ ಒಲೆ ಹಚ್ಚುತ್ತಿದ್ದರು. ನಾನು ವಿಭೂತಿ ಹಚ್ಚಿಕೊಂಡು ಒಂದು ತುಂಡು ಬೆರಣಿ ಹಿಡಿದು ಅವರ ಬಾಗಿಲಿಗೆ ಹೋಗಿ ಕೆಂಡ ತರುತ್ತಿದ್ದೆ. ವರ್ಷಗಟ್ಟಲೆ ನನ್ನ ಒಲೆ ಉರಿದದ್ದು ಅವರ ಒಲೆಯ ಬೆಂಕಿಯಿಂದ.

ಇನ್ನು ಕಾಳಿನ ವಿಷಯ. ನಮ್ಮೂರ ಕೆರೆಗೆ ಸಂಬಂಧಪಟ್ಟ ಯಾವ ಕೆಲಸವನ್ನೂ ಪಟೇಲರೊಬ್ಬರೇ ತೀರ್ಮಾನ ಮಾಡುವಂತಿರಲಿಲ್ಲ. ಹೂಳು ತೆಗೆಯಬೇಕೇ, ತೂಬು ಎತ್ತಬೇಕೇ, ಈ ವರ್ಷ ನೀರು ಬಿಡಬೇಕೇ, ಎಲ್ಲಕ್ಕೂ ಚಾವಡಿಯಲ್ಲಿ ಗಡಿಗೆ ಇಟ್ಟು ಕಾಳು ಹಾಕಿಸುತ್ತಿದ್ದರು. ಒಲೆಗೊಂದು ಕಾಳು. ಗಂಡಸಿಲ್ಲದ ಒಲೆಯಾದರೆ ಹೆಂಗಸೇ ಬಂದು ಹಾಕಬಹುದು. ಒಬ್ಬೊಬ್ಬರಿಗೂ ಒಂದು ಒಣ ಅವರೆ, ಒಂದು ಹುರುಳಿ ಕೊಡುತ್ತಾರೆ. ಆಗಲಿ ಅನ್ನುವವರು ಅವರೆ ಹಾಕಬೇಕು, ಬೇಡ ಅನ್ನುವವರು ಹುರುಳಿ. ಗಡಿಗೆಯ ಬಾಯಿಗೆ ಬಟ್ಟೆ ಮುಚ್ಚಿರುತ್ತದೆ, ಮುಷ್ಟಿ ಒಳಗಿಟ್ಟು ಕಾಳು ಬಿಡಬೇಕು. ಉಳಿದ ಕಾಳನ್ನು ಅಲ್ಲೇ ಬಾಯಿಗೆ ಹಾಕಿಕೊಂಡು ನುಂಗಬೇಕು. ಯಾರು ಏನು ಹಾಕಿದರು ಎಂಬುದು ಅವರ ಹೊಟ್ಟೆಗೆ ಮಾತ್ರ ಗೊತ್ತು, ಊರಲ್ಲಿ ಜಗಳವಿಲ್ಲ. ಹಿರಿಯರು ಬುದ್ಧಿವಂತರೇ.

ಅವರು ಇನ್ನೊಂದು ಮಾತನ್ನೂ ಕಟ್ಟಿಟ್ಟಿದ್ದರು. ಕಾಳು ಹಾಕಿದ ಕೈಯೇ ಮಂಕರಿ ಹೊರಬೇಕು. ಹೂಳು ತೆಗೆಯುವುದು ಎಂದು ತೀರ್ಮಾನವಾದರೆ, ಹುರುಳಿ ಹಾಕಿದವನಾಗಲಿ ಅವರೆ ಹಾಕಿದವನಾಗಲಿ, ಗಡಿಗೆಗೆ ಕೈಯಿಟ್ಟ ಪ್ರತಿಯೊಬ್ಬರೂ ಕೆರೆಗಿಳಿದು ಮಣ್ಣು ಹೊರಬೇಕು. ಪಟೇಲರೂ ಹೊತ್ತಿದ್ದನ್ನು ನಾನೇ ನೋಡಿದ್ದೇನೆ. ನಾನೂ ಹೊತ್ತಿದ್ದೇನೆ.

ಯುದ್ಧ ಶುರುವಾಗುವುದಕ್ಕೆ ಮುಂಚಿನ ಮಳೆಯಲ್ಲಿ ಕೆರೆ ಏರಿ ಒಡೆದಿತ್ತು. ಊರವರ ಮಂಕರಿಗೆ ಬಗ್ಗುವ ಒಡಕಲ್ಲ ಅದು. ಕಲ್ಲು ಬೇಕು, ಗಾರೆ ಬೇಕು, ಕೆಲಸ ಬಲ್ಲವರು ಬೇಕು. ನೀರೆಲ್ಲ ಹಳ್ಳ ಸೇರುತ್ತಿತ್ತು, ಗದ್ದೆಗಳಲ್ಲಿ ಬತ್ತದ ಬದಲು ಗರಿಕೆ ಬೆಳೆಯಿತು. ಪಟೇಲರು ಅರ್ಜಿ ಬರೆಸಿ ಬರೆಸಿ ಸೋತರು. ಆ ಅರ್ಜಿಗಳಲ್ಲಿ ಎರಡನ್ನು ಬರೆದದ್ದು ನಾನೇ. ಭಾವನವರು, ಇನ್ನೊಂದು ವರ್ಷ ನೋಡ್ತೀನಿ, ಆಮೇಲೆ ಆ ಒಲೆ ಒಡೆಸ್ತೀನಿ ಎಂದು ಚಾವಡಿಯಲ್ಲೇ ಅಂದರಂತೆ.

ಹೀಗಿರುವಾಗ ಒಂದು ಬೆಳಿಗ್ಗೆ ಕಂದಾಯ ವಸೂಲಿಯ ಶೇಕ್ದಾರರು ಬೈಸಿಕಲ್ಲಿನಲ್ಲಿ ಬಂದರು. ಹೋಬಳಿಯ ಊರುಗಳಿಂದ ಪಟ್ಟಾಳಕ್ಕೆ, ಎಂದರೆ ಸರ್ಕಾರದ ಸೈನ್ಯಕ್ಕೆ, ಆಳು ಬೇಕಾಗಿದೆ ಎಂದರು. ಯಾರನ್ನೂ ಬಲವಂತ ಮಾಡುವುದಿಲ್ಲ ಎಂದೂ ಹೇಳಿದರು. ಒಂದು ಲೋಟ ಮಜ್ಜಿಗೆ ಕುಡಿದ ಮೇಲೆ, "ನಿಮ್ಮೂರಿಂದ ಇಬ್ರು ಹೊರಟ್ರೆ ನಿಮ್ ಏರಿ ಕಾಗದ ನಾನೇ ಕೈಲಿ ಹಿಡ್ಕೊಂಡ್ ಹೋಗಿ ಕೊಡ್ತೀನಿ ಕಣ್ರೀ ಪಟೇಲ್ರೇ. ಸುಮ್ನೆ ಕೇಳೋರಿಗೂ ಕೊಟ್ಟು ಕೇಳೋರಿಗೂ ವ್ಯತ್ಯಾಸ ಇರ್ತದಲ್ಲ" ಎಂದರು. ಪಟೇಲರಿಗೆ ಇದನ್ನು ಒಬ್ಬರೇ ತಲೆ ಮೇಲೆ ಹೊತ್ತುಕೊಳ್ಳಲು ಧೈರ್ಯ ಸಾಲಲಿಲ್ಲ. ನಾಳೆ ಯಾವ ತಾಯಿ ಬಂದು ಮಣ್ಣು ತೂರುತ್ತಾಳೋ ಎಂಬ ಹೆದರಿಕೆ. ಅದಕ್ಕೇ, "ಗಡಿಗೆ ಇಕ್ಬುಡಾನ. ಊರು ಏನಂತದೋ ಅಂಗೆ" ಎಂದರು.

ಹೀಗೆ ನಮ್ಮನ್ನು ಕೇಳಿದರು. ಲಂಡನ್ನಿನಲ್ಲಿ ಯಾರನ್ನೂ ಕೇಳಲಿಲ್ಲ, ಮೈಸೂರಿನಲ್ಲೂ ಕೇಳಿದ್ದು ನನಗೆ ತಿಳಿಯದು. ನಮ್ಮನ್ನಂತೂ ಕೇಳಿದರು.

ಸೋಮವಾರ ಬೆಳಿಗ್ಗೆ ಚಾವಡಿಯಲ್ಲಿ ಸೇರಿದೆವು. ಮೂವತ್ತು ಚಿಲ್ಲರೆ ಒಲೆ. ಮುದುಕರೊಬ್ಬರು, ಜಪಾನಿನವರು ನಮಗೇನು ಮಾಡಿದ್ದಾರೆ ಎಂದು ಕೇಳಿದರು. ಇನ್ನೊಬ್ಬರು ಒಡಕಿನ ಅಗಲ ಎಷ್ಟು, ಕಲ್ಲು ಎಲ್ಲಿಂದ ತರಿಸುತ್ತಾರೆ ಎಂದು ಕೇಳಿದರು. ಅದಕ್ಕೆ ಹತ್ತು ಜನ ಉತ್ತರ ಕೊಟ್ಟರು. ಮಾತೆಲ್ಲ ಅಲ್ಲಿಗೇ ಹೋಯಿತು. ಬೆಳೆದ ಗಂಡುಮಕ್ಕಳಿದ್ದ ಮನೆಗಳವರು ಮಾತ್ರ ನೆಲ ನೋಡುತ್ತ ಕೂತಿದ್ದರು.

ನನ್ನ ಸರದಿ ಬಂತು. ಗಡಿಗೆಯ ಹತ್ತಿರ ಹೋದಾಗ ನನ್ನ ತಲೆಯಲ್ಲಿ ಏನಿತ್ತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನನ್ನ ಮನೆಯಿಂದ ಹೋಗುವವರು ಯಾರೂ ಇಲ್ಲ. ಗದ್ದೆಗೆ ನೀರು ಬಂದರೆ ನನ್ನ ಒಲೆ ಉಳಿಯುತ್ತದೆ. ಇಷ್ಟೇ ಇತ್ತು. ಯಾವ ಊರಿನ ಯಾವ ತಾಯಿಯೂ ನನ್ನ ಕಣ್ಣ ಮುಂದೆ ಬರಲಿಲ್ಲ. ಅವರೆ ಬಿಟ್ಟೆ. ಹುರುಳಿಯನ್ನು ಬಾಯಿಗೆ ಹಾಕಿಕೊಂಡು ಅಗಿದೆ. ಹಸಿ ಹುರುಳಿಯ ಒಗರು ನಾಲಿಗೆಗೆ ಅಂಟಿಕೊಂಡಿತು.

ಗಡಿಗೆ ಸುರಿದರು. ಹುರುಳಿ ಏಳೇ ಏಳು. ಉಳಿದದ್ದೆಲ್ಲ ಅವರೆ, ಬಿಳೀ ಗುಪ್ಪೆ. ನನ್ನದೊಂದು ಹುರುಳಿಯಾಗಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡಿದ್ದೇನೆ. ಊರಿನ ಉಳಿದವರೂ ತಮ್ಮ ತಮ್ಮ ಮನೆಯಲ್ಲಿ ಇದೇ ಲೆಕ್ಕ ಹಾಕಿಕೊಂಡಿರುತ್ತಾರೆ.

ಇನ್ನು ಹೋಗುವವರು ಯಾರು ಎಂಬ ಮಾತು ಬಂತು. ಕಾಳು ಹಾಕಿದ ಕೈಯೇ ಮಂಕರಿ ಹೊರಬೇಕು ಎಂಬುದು ಆಗ ಒಬ್ಬರ ಬಾಯಿಗೂ ಬರಲಿಲ್ಲ. ಒಬ್ಬನ ಮಗನಿಗೆ ಮದುವೆ ಗೊತ್ತಾಗಿದೆ, ಒಬ್ಬನಿಗೆ ಉಬ್ಬಸ, ಇನ್ನೊಬ್ಬ ಹಿರೀಮಗ. ಹಾವೂ ಸಾಯಬಾರದು ಕೋಲೂ ಮುರಿಯಬಾರದು. ಕೊನೆಗೆ ಪಟೇಲರು ತಮ್ಮ ಮನೆಯ ಜೀತದಾಳನ್ನು ಕಳಿಸುತ್ತೇನೆ ಎಂದರು. ಅವನು ಅವರ ಒಲೆಯಲ್ಲೇ ಉಣ್ಣುವವನು, ಸ್ವಂತ ಒಲೆಯಿಲ್ಲ, ಕಾಳೂ ಇಲ್ಲ. ಎರಡನೆಯವನು ಯಾರು? ಯಾರು ಮೊದಲು ಅಂದರೋ ಕಾಣೆ, "ಲಾಳದ ಸಾಬು" ಎಂಬ ಮಾತು ಬಂತು. ಎಲ್ಲರ ಮುಖವೂ ಅರಳಿತು. ಪಟ್ಟಾಳದಲ್ಲಿ ಹೇಸರಗತ್ತೆಗಳಿವೆಯಂತೆ, ಅವಕ್ಕೂ ಲಾಳ ಬೇಕಲ್ಲ, ಅವನು ಬಂದೂಕು ಹಿಡಿಯಬೇಕಾಗಿಲ್ಲ, ಇಲ್ಲಿ ಮಾಡುವ ಕೆಲಸವನ್ನೇ ಅಲ್ಲಿ ಮಾಡುತ್ತಾನೆ. ಅವನಿಗೆ ಉಪಕಾರ ಮಾಡುತ್ತಿದ್ದೇವೆ ಅನ್ನುವಂತೆ ಮಾತಾಡಿದರು. ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ಬಾಯಿಯಲ್ಲಿ ಹುರುಳಿಯ ಒಗರು ಇನ್ನೂ ಇತ್ತು.

ಅವನನ್ನು ಕರೆಸಿದರು. ಕೈಯಲ್ಲಿ ಸುತ್ತಿಗೆ ಹಿಡಿದೇ ಬಂದ. ಪಟೇಲರು ಊರಿನ ತೀರ್ಮಾನ ಹೇಳಿದರು. ಅವನು, "ನಮ್ಮನೇಲೂ ಒಲೆ ಉರೀತದೆ ಪಟೇಲ್ರೇ. ನಮಗ್ಯಾಕೆ ಕಾಳು ಕೊಡ್ನಿಲ್ಲ?" ಎಂದ.

"ಕಾಳು ಕೆರೆ ಕೆಳಗೆ ಗದ್ದೆ ಇರೋರ್ಗೆ ಕಣೋ. ಇದು ಹಿಂದಿಂದ ಬಂದಿರೋ ಪದ್ಧತಿ."

"ಇವತ್ತು ಕೆರೆಗಾ ಕಾಳು ಹಾಕಿದ್ದು? ಪಟ್ಟಾಳಕ್ಕಲ್ವಾ?"

ನಮಗೆ ಆ ವ್ಯತ್ಯಾಸ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಕೆರೆಗೆ ಹಾಕುತ್ತಿದ್ದ ಗಡಿಗೆಗೇ ಹಾಕಿದ್ದೆವು, ಕೆರೆಯನ್ನೇ ನೆನೆದು ಹಾಕಿದ್ದೆವು. ಅವನು ಹೇಳಿದ ಮೇಲೆ ಹೊಳೆಯಿತು, ಹೊಳೆದ ಮೇಲೂ ಸುಮ್ಮನಿದ್ದೆವು. ಮೊದಲನೆಯದು ತಪ್ಪು ಅನ್ನಬಹುದು, ಎರಡನೆಯದಕ್ಕೆ ಬೇರೆ ಹೆಸರಿದೆ.

ಪಟೇಲರು ದನಿ ತಗ್ಗಿಸಿ, "ನಿಂಗೆ ಒಪ್ಪಿಗೆ ಇಲ್ದೆ ಇದ್ರೆ ಬುಡು. ಆದ್ರೆ ನಾಳೆಯಿಂದ ಜನ ಲಾಳಕ್ಕೆ ಎತ್ತು ಹೊಡ್ಕೊಂಡು ಹ್ಯಾಂಡ್‌ಪೋಸ್ಟಿಗೆ ಹೋದ್ರೆ ನನ್ನ ಕೇಳ್ಬ್ಯಾಡ" ಎಂದರು. ಬಡವನ ಕೋಪ ದವಡೆಗೆ ಮೂಲ. ಅವನು ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, ನನ್ನ ಕಡೆ ಒಂದು ಸಲ ನೋಡಿದ. ಅಕ್ಕ ಏನಾದರೂ ಅಂದಾಳು ಎಂದೇ ಆ ನೋಟ. ಅಕ್ಕ ಸೆರಗು ಸರಿಮಾಡಿಕೊಂಡಳು.

ಎಂಟು ದಿನದಲ್ಲಿ ಹೊರಟ. ಬೂಬಮ್ಮ ಅತ್ತರು, ಆದರೆ ಯಾರನ್ನೂ ಬೈಯಲಿಲ್ಲ. ಊರೇ ತೀರ್ಮಾನ ಮಾಡಿದೆ ಎಂದರೆ ಅವರ ಪಾಲಿಗೆ ಅದು ಮಳೆ ಬಂದಂತೆ, ಬಿಸಿಲು ಬಂದಂತೆ. ಮೊದಮೊದಲು ಯಾರ ಕೈಲೋ ಬರೆಸಿದ ಕಾಗದ ಬರುತ್ತಿತ್ತು. ಓದಿ ಹೇಳುವವಳು ನಾನೇ. ಇಲ್ಲಿ ಹೇಸರಗತ್ತೆಗಳು ಒದೆಯುತ್ತವೆ, ಅವಕ್ಕೆ ಕನ್ನಡ ಬರುವುದಿಲ್ಲ, ಅಕ್ಕನಿಗೆ ಸಲಾಂ ಹೇಳು ಎಂದು ಬರೆಸಿದ್ದ. ಬೂಬಮ್ಮ ಆ ಸಾಲನ್ನು ಮೂರು ಸಲ ಓದಿಸಿ ನಕ್ಕರು.

ಶೇಕ್ದಾರರು ಮಾತಿಗೆ ತಪ್ಪಲಿಲ್ಲ. ಮುಂದಿನ ಬೇಸಗೆಯಲ್ಲಿ ಕಲ್ಲು ಬಂತು, ಗಾರೆ ಬಂತು, ಏರಿ ಎದ್ದು ನಿಂತಿತು. ಮಳೆಯೂ ಆಯಿತು. ನಾನು ಗದ್ದೆ ಮಾಡಿಸಿದೆ. ಭಾವನವರು ಒಲೆಯ ಮಾತು ಎತ್ತಲಿಲ್ಲ. ಆ ವರ್ಷದ ಹೊಸಕ್ಕಿ ಅನ್ನ ರುಚಿಯಾಗಿತ್ತು, ಇದರಲ್ಲೂ ಸುಳ್ಳು ಹೇಳಲಾರೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮೂರಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ. ಎರಡು ಸೇರು ಅಕ್ಕಿ ಬೂಬಮ್ಮನಿಗೂ ಕೊಟ್ಟೆ. ಮಗ ಬಂದಾಗ ಬೇಯಿಸುತ್ತೇನೆ ಎಂದು ಮಡಕೆಯಲ್ಲಿ ಹಾಕಿಟ್ಟರು.

ಕಾಗದ ಬರುವುದು ನಿಂತಿತು. ಯುದ್ಧ ಮುಗಿಯಿತು ಎಂದು ಕೋಟೆಯಲ್ಲಿ ಮಕ್ಕಳಿಗೆ ಮಿಠಾಯಿ ಹಂಚಿದರು. ಪಟೇಲರ ಜೀತದಾಳು ಒಂದು ಕಿವಿ ಕೇಳಿಸದವನಾಗಿ ವಾಪಸ್ಸು ಬಂದ. ಬರ್ಮಾ ಕಡೆ ಮಳೆಗಾಲದಲ್ಲಿ ಹೇಸರಗತ್ತೆ ಹಿಡಿದು ಹೊಳೆ ದಾಟಿಸುವಾಗ ನಮ್ಮವನು ಗುಂಡು ಬಿದ್ದು ಹೋದ, ಮೈ ಸಿಗಲಿಲ್ಲ ಎಂದು ಅವನೇ ಬಂದು ಹೇಳಿದ. ಸರ್ಕಾರದ ಕಾಗದ ಅವನಿಗಿಂತ ಹದಿನೈದು ದಿನ ತಡವಾಗಿ ಬಂತು. ಬೂಬಮ್ಮ ಕಾಗದವನ್ನು ಕೈಯಲ್ಲಿ ಹಿಡಿಯಲಿಲ್ಲ. ಜಗಲಿ ಮೇಲೆ ಇಡಿ ಎಂದರು.

ಊರಿಗೆ ನಾಚಿಕೆಯಾಯಿತೋ, ಮುಂದೆ ಮಾತು ಬರಬಾರದೆಂದೋ, ಆ ಬೇಸಗೆ ಹೂಳು ತೆಗೆಯುವ ಕಾಳಿಗೆ ಪಟೇಲರು ಹೊಸದೊಂದು ತೀರ್ಮಾನ ತಂದರು. ಮಗನನ್ನು ಕೊಟ್ಟ ತಾಯಿ, ಇನ್ನು ಮೇಲೆ ಅವರ ಒಲೆಗೂ ಕಾಳು. ತಾವೇ ಅವರ ಬಾಗಿಲಿಗೆ ಹೋಗಿ ಒಂದು ಅವರೆ, ಒಂದು ಹುರುಳಿ ಅಂಗೈಯಲ್ಲಿಟ್ಟು ಬಂದರು. ಊರು ಉಪಕಾರ ಅರಿಯದು ಎನ್ನುತ್ತಾರಲ್ಲ, ನಮ್ಮೂರು ಅರಿತಿತ್ತು, ಹೊತ್ತು ಮೀರಿದ ಮೇಲೆ.

ಬೂಬಮ್ಮ ಚಾವಡಿಗೆ ಬರಲಿಲ್ಲ. ಆ ಎರಡು ಕಾಳು ಅಂಗೈಯಲ್ಲಿಟ್ಟುಕೊಂಡು ಮನೆ ಮನೆಗೆ ಹೋಗತೊಡಗಿದರು. ಮೂರು ದಿನ ಹೋದರು. ಯಾರ ಮನೆಯಲ್ಲೂ ಕೂರಲಿಲ್ಲ, ಜಗಳ ಆಡಲಿಲ್ಲ, ಒಂದು ಮಾತು ಕೇಳಿ ಮುಂದಿನ ಮನೆಗೆ ಹೋಗುತ್ತಿದ್ದರಂತೆ. ಏನು ಕೇಳುತ್ತಾರೆ ಎಂದು ನಾನು ಯಾರನ್ನೂ ವಿಚಾರಿಸಲಿಲ್ಲ. ಗೋಡೆಯಾಚೆಯ ಮನೆ ನನ್ನದು, ಕೊನೆಗೆ ಇಲ್ಲಿಗೂ ಬರುತ್ತಾರೆ ಎಂದು ಗೊತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಬಂದರು. ನಾನು ಅಕ್ಕಿ ಕೇರುತ್ತಿದ್ದೆ.

"ಕೂತ್ಕಳಿ ಬೂಬಮ್ಮ" ಎಂದೆ.

ಕೂರಲಿಲ್ಲ. ಅಂಗೈ ಚಾಚಿದರು. ಬೆವರಿಗೆ ಕಾಳುಗಳು ಅಂಗೈಗೆ ಅಂಟಿಕೊಂಡಿದ್ದವು.

"ಆವತ್ತು ಚಾವಡೀಲಿ ನೀನು ಯಾವುದು ಹಾಕ್ದೆ ಮಗಾ?"

ಒಂಬತ್ತು ದಿನ ನನ್ನ ಗಂಡನ ಹಣೆಗೆ ಒದ್ದೆ ಬಟ್ಟೆ ಹಾಕಿದ ಕೈ ಅದು. ನಿಜ ಹೇಳಬೇಕು ಎಂದೇ ಬಾಯಿ ತೆರೆದೆ. ಬೆರಳು ತಾನಾಗಿ ಹುರುಳಿಯ ಮೇಲೆ ಹೋಯಿತು.

"ಇದು" ಎಂದೆ.

ಅವರು ತಲೆಯಾಡಿಸಿದರು. ಸಿಟ್ಟಿನ ಗುರುತೇ ಇರಲಿಲ್ಲ. ಲೆಕ್ಕ ತಪ್ಪಿಹೋಗಿ ಮತ್ತೆ ಮೊದಲಿಂದ ಎಣಿಸುವವರ ಹಾಗೆ ಆ ಕಾಳುಗಳನ್ನು ನೋಡುತ್ತ ನಿಂತರು.

"ನೀನೂ ಅದೇ ಅಂತೀಯ. ಪಟೇಲ್ರೂ ಅದೇ ಅಂದ್ರು, ನಿಮ್ ಭಾವನೋರೂ ಅದೇ ಅಂದ್ರು. ಒಂದು ಮನೆ ಬುಡ್ದಂಗೆ ಕೇಳ್ಕೊಂಡ್ ಬಂದೆ ಕಣವ್ವ. ಊರೆಲ್ಲಾ ಹುರುಳಿನೇ ಹಾಕೈತೆ. ಅಂಗಾದ್ರೆ ನನ್ ಮಗ ಮನೇಲೇ ಇರ್ಬೇಕಿತ್ತಲ್ಲ?"

ನಾನು ಮೊರದಲ್ಲಿದ್ದ ಅಕ್ಕಿ ನೋಡುತ್ತ ಕೂತೆ. ಅವರು ಎರಡೂ ಕಾಳನ್ನು ನನ್ನ ಹೊಸ್ತಿಲ ಪಕ್ಕ ಇಟ್ಟು ಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ಬೆರಣಿ ಹಿಡಿದು ಬಾಗಿಲ ತನಕ ಬಂದೆ. ಗೋಡೆಯಾಚೆ ಒಲೆಯ ಹೊಗೆ ಎದ್ದಿತ್ತು. ಕಾಲು ಮುಂದೆ ಹೋಗಲಿಲ್ಲ. ಭಾವನವರ ಮನೆಗೆ ಹೋಗಿ ಬೆಂಕಿಪೊಟ್ಟಣ ಕೇಳಿ ತಂದೆ. ಬೂಬಮ್ಮ ಇನ್ನೂ ಆರು ವರ್ಷ ಬದುಕಿದ್ದರು. ಅಷ್ಟೂ ದಿನ ನಾನು ಅವರ ಬಾಗಿಲಿಗೆ ಕೆಂಡ ಕೇಳಲು ಹೋಗಲಿಲ್ಲ, ಅವರೂ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ.

ನಾನು ಹಾಕಿದ್ದು ಅವರೆ, ಬೂಬಮ್ಮ.